ತರಂಗಾಂತರದ ಶೇರು: ವ್ಯಾಪಾರವೋ, ಜೂಜೋ?

ನಷ್ಟದ ಭಯವಿಲ್ಲದ ವ್ಯಾಪಾರವಿಲ್ಲ. ನಷ್ಟವಾಗಬಹುದೆಂಬ ಒಂದೇ ಕಾರಣಕ್ಕೆ ಯಾವ ವ್ಯವಹಾರವೂ ಜೂಜಾಗುವುದಿಲ್ಲ. ಹಾಗಾದರೆ ಪವಿತ್ರ ಕುರ್‌ಆನ್ ಮದ್ಯದೊಂದಿಗೆ ನಿಷೇಧಿಸಿದ ಜೂಜು ಎಲ್ಲಿ ಆರಂಭವಾಗುತ್ತದೆ? ನಿಸ್ತಂತು ಬ್ರಾಡ್‌ಬ್ಯಾಂಡ್ ಕಂಪೆನಿಗಳ ಶೇರು ವ್ಯವಹಾರದಲ್ಲಿ ಇದಕ್ಕೊಂದು ಪಾಠವಿದೆ.

ತಂತಿಯಿಲ್ಲದೆ ಇಂಟರ್‌ನೆಟ್ ಒದಗಿಸಲು ರೇಡಿಯೋ ತರಂಗಾಂತರ ಬೇಕು. ಅದು ಸೀಮಿತವಾದುದು. ಆದ್ದರಿಂದ ಅನೇಕ ಸರಕಾರಗಳು ಅದರ ಪರವಾನಿಗೆಯನ್ನು ಇಂತಿಷ್ಟು ಪ್ರದೇಶಕ್ಕೆ, ಇಂತಿಷ್ಟು ವರ್ಷಕ್ಕೆಂದು ಹರಾಜು ಹಾಕುತ್ತವೆ. ಇಲ್ಲಿ ಮಾರಾಟದ ವಸ್ತು ಸ್ಪಷ್ಟವಿದೆ. ಆದರೂ ದುರಾಸೆಗೆ ಬೆಲೆ ತೆರಲೇಬೇಕು. ಅಮೆರಿಕದ ನೆಕ್ಸ್ಟ್‌ವೇವ್ ಕಂಪೆನಿಯು 1996ರ ಹರಾಜಿನಲ್ಲಿ ಸುಮಾರು 470 ಕೋಟಿ ಡಾಲರಿಗೆ ಪರವಾನಿಗೆಗಳನ್ನು ಕೂಗಿತು. ಹಣ ಕಟ್ಟಲಾಗದೆ 1998ರಲ್ಲಿ ದಿವಾಳಿ ಅರ್ಜಿ ಹಾಕಿತು.

ಅದೇ ದೇಶದ ಕ್ಲಿಯರ್‌ವೈರ್ ಕಂಪೆನಿಯು 2007ರ ಮಾರ್ಚಿನಲ್ಲಿ ಶೇರೊಂದಕ್ಕೆ 25 ಡಾಲರಿನಂತೆ ಜನರಿಗೆ ಮಾರಿತು. ಜಾಲ ಕಟ್ಟುವ ಖರ್ಚು ಆದಾಯವನ್ನು ಮೀರಿತು. 2012ರ ಮಧ್ಯಭಾಗದಲ್ಲಿ ಶೇರಿನ ಬೆಲೆ 2 ಡಾಲರಿಗಿಂತಲೂ ಕೆಳಗಿತ್ತು. ಆದರೆ ಅದರ ಕೈಯಲ್ಲಿ ಅಪಾರ ತರಂಗಾಂತರವಿತ್ತು. ಅದಕ್ಕಾಗಿ ಸ್ಪ್ರಿಂಟ್ 2.97 ಡಾಲರ್ ಎಂದರೆ ಡಿಶ್ 3.30 ಎಂದಿತು. ಪೈಪೋಟಿ ಏರಿ, 2013ರ ಜುಲೈಯಲ್ಲಿ ಸ್ಪ್ರಿಂಟ್ 5 ಡಾಲರಿಗೆ ಕೊಂಡಿತು. ಮೊದಲು ಕೊಂಡವನಿಗೆ ಐದರಲ್ಲೊಂದು ಪಾಲು ಮರಳಿತು. 2012ರಲ್ಲಿ ಕೊಂಡವನಿಗೆ ಎರಡೂವರೆ ಪಟ್ಟಿಗೂ ಮಿಕ್ಕಿ ದೊರೆಯಿತು.

ಹಾಗೆಂದು ಸೋತವನು ಜೂಜುಕೋರ, ಗೆದ್ದವನು ವ್ಯಾಪಾರಿ ಎನ್ನಬಹುದೇ? ಇಲ್ಲ. ಫಲವನ್ನಲ್ಲ, ಹಣ ಹೂಡಿದ ರೀತಿಯನ್ನು ನೋಡಬೇಕು. ಕಂಪೆನಿಯ ಪರವಾನಿಗೆ, ಸಾಲ, ಆದಾಯಗಳನ್ನು ಪರಿಶೀಲಿಸಿ ತನ್ನ ಹಣದಿಂದ ಪಾಲು ಕೊಂಡವನು, ನಷ್ಟವಾದರೂ, ಪಾಲುದಾರನೇ. 'ದೊಡ್ಡ ಕಂಪೆನಿಯೊಂದು ಕೊಳ್ಳಲಿದೆಯಂತೆ' ಎಂಬ ಅಂತೆಕಂತೆಯನ್ನು ನಂಬಿ, ನಾಳೆ ಇನ್ನೊಬ್ಬನಿಗೆ ದಾಟಿಸುವ ಆತುರದಲ್ಲಿ ಕೊಂಡವನು, ಗೆದ್ದರೂ, ಜೂಜಿನ ಅಂಚಿನಲ್ಲಿದ್ದಾನೆ. ನೀರಿನಲ್ಲಿರುವ ಮೀನನ್ನು ಹಿಡಿಯುವ ಮೊದಲೇ ಮಾರುವುದನ್ನು ಫಿಕ್‌ಹ್ ವಿದ್ವಾಂಸರು ‘ಗರರ್’ ಅಂದರೆ ಅನಿಶ್ಚಿತ ವ್ಯವಹಾರವೆಂದು ತಡೆದುದರ ಮರ್ಮವನ್ನು ಇಲ್ಲಿ ನೆನೆಯಬೇಕು.

ಮನೆಯ ಯಜಮಾನರು ಮಕ್ಕಳ ಓದಿಗೆ, ಹಜ್ಜ್ ಯಾತ್ರೆಗೆ ಕೂಡಿಟ್ಟ ಹಣವನ್ನು ಶೇರಿಗೆ ಹಾಕುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಲಿ: ಕಂಪೆನಿ ಏನು ಮಾಡುತ್ತದೆಂದು ನನಗೆ ತಿಳಿದಿದೆಯೇ? ಅದು ಬಡ್ಡಿಯ ಸಾಲದಲ್ಲಿ ಮುಳುಗಿದೆಯೇ? ಕೇಳಿದ ಸುದ್ದಿ ಸುಳ್ಳಾದರೆ ನನ್ನ ಮನೆ ನಡೆದೀತೇ? ಉತ್ತರ ದೊರೆಯದಿದ್ದರೆ ಹಣ ಮನೆಯಲ್ಲೇ ಇರಲಿ.