ಮನೆಗೆ ಬೆಳೆ, ಮಂಡಿಗೆ ಬೆಳೆ

ಅಕ್ಕ ತಂಗಿಯರೆ, ಹೊಲದ ಕೆಲಸ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಬಿತ್ತುವುದು, ಕಳೆ ಕೀಳುವುದು, ಕೊಯ್ಯುವುದು, ಕೇರುವುದು ಎಲ್ಲಾ ನಮ್ಮ ಕೈಯಲ್ಲೇ ಆಗುವ ಕೆಲಸ. ಆದರೆ ಬೇಸಾಯದಲ್ಲಿ ಎರಡು ಬಗೆ ಇದೆ. ಮನೆಯವರು ಉಣ್ಣಲಿಕ್ಕೆ ಬೆಳೆಯುವುದು ಜೀವನಾಧಾರ ಬೇಸಾಯ. ಮಾರಲಿಕ್ಕೆಂದೇ ಬೆಳೆಯುವುದು ವಾಣಿಜ್ಯ ಬೇಸಾಯ. ಹೆಸರು ದೊಡ್ಡದು, ವಿಷಯ ನಾವು ದಿನಾ ನೋಡುವುದೇ. ಕೋಲಾರದ ಕಡೆ ಹೋದರೆ ಎರಡೂ ಅಕ್ಕಪಕ್ಕದಲ್ಲೇ ಕಾಣುತ್ತವೆ. ಒಂದು ಹೊಲದಲ್ಲಿ ರಾಗಿ, ಇನ್ನೊಂದರಲ್ಲಿ ಟೊಮೆಟೊ.

ಮೊದಲು ರಾಗಿ ಹೊಲ ನೋಡೋಣ. ಇದು ಮಳೆ ನಂಬಿದ ಹೊಲ. ಇಲ್ಲಿ ರಾಗಿ ಒಂದನ್ನೇ ಬಿತ್ತುವುದಿಲ್ಲ. ನಡುನಡುವೆ ಅಕ್ಕಡಿ ಸಾಲು ಇಡುತ್ತಾರೆ. ಆ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು, ಜೋಳ, ಸಾಸಿವೆ. ಯಾಕೆ ಇಷ್ಟು ಬಗೆ? ಮಳೆ ಕೈಕೊಟ್ಟು ರಾಗಿ ಜೊಳ್ಳಾದರೂ ತೊಗರಿ, ಅವರೆ ಉಳಿಯಬಹುದು. ಎಲ್ಲಾ ಒಟ್ಟಿಗೆ ಹಾಳಾಗುವುದು ಕಡಿಮೆ. ಮುದ್ದೆಗೆ ರಾಗಿ ಆಯಿತು. ಸಾರಿಗೆ ಕಾಳಾಯಿತು. ಚಟ್ನಿಪುಡಿಗೆ ಹುಚ್ಚೆಳ್ಳಾಯಿತು. ಹುಲ್ಲು ದನಕ್ಕೆ, ದನದ ಗೊಬ್ಬರ ಹೊಲಕ್ಕೆ. ಒಣಗಿಸಿದ ರಾಗಿಗೆ ಹುಳು ಹಿಡಿಯುವುದು ಅಪರೂಪ. ಹಿಂದೆ ನೆಲದಲ್ಲಿ ಹಗೇವು ತೋಡಿ ವರ್ಷಗಟ್ಟಲೆ ಇಡುತ್ತಿದ್ದರು.

ಬಿತ್ತನೆ ಬೀಜ ತೆಗೆದಿಡುತ್ತಿದ್ದವರು ಯಾರು? ಹೆಂಗಸರೇ. ಒಳ್ಳೆ ತೆನೆ ಆರಿಸುವುದು, ಬಿಸಿಲಿಗೆ ಹಾಕುವುದು, ಅವರೆ ತೊಗರಿಗೆ ಬೂದಿ ಬೆರೆಸಿ ಮಡಕೆಗೆ ತುಂಬುವುದು. ಮನೆಯಲ್ಲಿ ಎಷ್ಟು ಕಾಳಿದೆ, ಎಷ್ಟು ತಿಂಗಳಿಗೆ ಬರುತ್ತೆ ಅಂತ ಮನೆಯಾಕೆಗೆ ಗೊತ್ತಿರುತ್ತಿತ್ತು.

ಹಾಗಂತ ಈ ಬೇಸಾಯ ಸುಖದ್ದು ಅಂತ ನಾವು ಹೇಳುವುದಿಲ್ಲ. ಹೊಟ್ಟೆಗಾದರೂ ಕೈಯಲ್ಲಿ ಕಾಸಿರುವುದಿಲ್ಲ. ಮಕ್ಕಳ ಓದಿಗೆ, ಆಸ್ಪತ್ರೆಗೆ, ಬಟ್ಟೆಗೆ ದುಡ್ಡು ಬೇಕೇ ಬೇಕು. ಮೇಲಿಂದ ಮೇಲೆ ಮಳೆ ಹೋದರೆ ಊರು ಬಿಟ್ಟು ಕೂಲಿಗೆ ಹೋಗಬೇಕು.

ಈಗ ಟೊಮೆಟೊ ಹೊಲಕ್ಕೆ ಬನ್ನಿ. ಇದಕ್ಕೆ ಕೊಳವೆ ಬಾವಿ ನೀರು ಬೇಕು. ಸಸಿ, ಗೊಬ್ಬರ, ಔಷಧಿ, ಗಿಡ ಕಟ್ಟಲು ಕಡ್ಡಿ, ದಾರ ಎಲ್ಲಾ ಕೊಂಡು ತರಬೇಕು. ಹೈಬ್ರಿಡ್ ಹಣ್ಣಿನ ಬೀಜ ತೆಗೆದು ಹಾಕಿದರೆ ಅದೇ ತರಹದ ಗಿಡ ಬರುವುದಿಲ್ಲ. ಪ್ರತಿ ಸಲ ಹೊಸದೇ ಆಗಬೇಕು. ಹಣ್ಣು ರಾಗಿಯ ಹಾಗೆ ಕಾಯುವುದಿಲ್ಲ. ಕಿತ್ತ ಮೇಲೆ ಅವತ್ತಿನ ಬೆಲೆಗೆ ಕೊಡಲೇಬೇಕು.

ಆ ಬೆಲೆ ಹೇಗೆ? 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋ ಬಾಕ್ಸಿಗೆ 2,000 ರೂಪಾಯಿ ದಾಟಿತ್ತು. ಸಾಲ ತೀರಿಸಿದವರೂ ಇದ್ದರು. ಅದೇ ಕೋಲಾರದಲ್ಲಿ 2021ರ ಮೇ ತಿಂಗಳ ಲಾಕ್‌ಡೌನಿನಲ್ಲಿ ಕೇಳುವವರಿಲ್ಲದೆ ಹಣ್ಣನ್ನು ರಸ್ತೆ ಬದಿಗೆ ಸುರಿದರು.

ಬನ್ನಿ, ಒಂದು ಲೆಕ್ಕ ಮಾಡೋಣ. ಇದು ಕಲಿಯಲು ಮಾಡಿದ ಲೆಕ್ಕ. 100 ಬಾಕ್ಸ್ ಹಣ್ಣು, ಬಾಕ್ಸಿಗೆ 60 ರೂಪಾಯಿ. ಬಂದದ್ದು 6,000. ಹಣ್ಣು ಕಿತ್ತ ಆರು ಆಳಿಗೆ 350ರಂತೆ 2,100. ಗಾಡಿ ಬಾಡಿಗೆ 2,000. ಔಷಧಿಗೆ 1,500. ಒಟ್ಟು ಖರ್ಚು 5,600. ಉಳಿದದ್ದು 400. ಇದರಲ್ಲಿ ಸಸಿ, ಕಡ್ಡಿ, ದಾರ ಸೇರಿಲ್ಲ. ಆಳುಗಳ ಜೊತೆ ತಾಯಿ ಮಗಳೂ ಹಣ್ಣು ಕಿತ್ತರು. ಅವರ ಕೂಲಿ 700 ಬರೆದರೆ? 400 ಲಾಭ ಹೋಗಿ 300 ನಷ್ಟ! ಮನೆ ಹೆಂಗಸರ ಕೂಲಿ ಬರೆಯದಿದ್ದರೆ ನಷ್ಟವೂ ಲಾಭದ ಹಾಗೆ ಕಾಣುತ್ತದೆ.

ಇನ್ನೊಂದು ಮಾತು. ರಾಗಿ ಮನೆಗೆ ಬಂದರೆ ನಮ್ಮ ಕಣ್ಣಿಗೆ ಕಾಣುತ್ತೆ. ಟೊಮೆಟೊ ಹೋಗುವುದು ಮಂಡಿಗೆ. ಮನೆಗೆ ಬರುವುದು ಚೀಟಿ, ಒಮ್ಮೊಮ್ಮೆ ಅದೂ ಇಲ್ಲ. ರಾಗಿಯನ್ನೂ ಸರ್ಕಾರ ಬೆಂಬಲ ಬೆಲೆಗೆ ಕೊಳ್ಳುತ್ತದೆ. 2025-26ಕ್ಕೆ ಕ್ವಿಂಟಾಲಿಗೆ 4,886 ರೂಪಾಯಿ. ಆ ಹಣ ನೋಂದಾಯಿಸಿದ ರೈತರ ಬ್ಯಾಂಕ್ ಖಾತೆಗೆ ಬೀಳುತ್ತದೆ. ನೋಂದಣಿ ಯಾರ ಹೆಸರಲ್ಲಿದೆ? ಕೇಳಿ ತಿಳಿದುಕೊಳ್ಳಿ.

ಎಲ್ಲಾ ಬಿಟ್ಟು ರಾಗಿಯೇ ಬೆಳೆಯಿರಿ ಅಂತ ನಾವು ಹೇಳುತ್ತಿಲ್ಲ. ಇರುವ ಭೂಮಿಗೆಲ್ಲಾ ಮಂಡಿ ಬೆಳೆ ಇಡಬೇಡಿ ಅಂತ ಹೇಳುತ್ತೇವೆ, ಅಷ್ಟೆ. ವರ್ಷದ ಮುದ್ದೆಗಾಗುವಷ್ಟು ಜಾಗ ಮೊದಲು ತೆಗೆದಿಡಿ. ಉಳಿದದ್ದರಲ್ಲಿ ಏನು ಹಾಕಬೇಕು ಅಂತ ಮನೆಯವರೆಲ್ಲಾ ಕೂತು ಮಾತಾಡಿ.

ಈಗ ನಿಮ್ಮ ಪುಸ್ತಕ ತೆಗೆಯಿರಿ. ಮಂಡಿಯ ಚೀಟಿ ಇದ್ದರೆ ಪಕ್ಕಕ್ಕಿಡಿ. ಬಾಕ್ಸ್ ಎಷ್ಟು, ಬೆಲೆ ಎಷ್ಟು, ಹಿಡಿದುಕೊಂಡ ಹಣ ಎಷ್ಟು, ಯಾತಕ್ಕೆ ಅಂತ ಓದಿ ಬರೆಯಿರಿ. ಅದರ ಕೆಳಗೆ ಈ ಬೆಳೆಗೆ ನೀವು ಎಷ್ಟು ದಿನ ದುಡಿದಿರಿ ಅಂತ ಬರೆಯಿರಿ.