ಕಾಲಿಗೆ ಬಿಡುವು ಕೊಡದ ಸೈಕಲ್ಲು

ಒಳಪೆಡಲ್ ಹೊಡೆಯುವ ವಯಸ್ಸಿನಿಂದ ಸೈಕಲ್ ತುಳಿದವನಿಗೆ ಇನ್ನೇನು ಕಲಿಯಲಿಕ್ಕಿದೆ ಎಂಬ ಧಿಮಾಕಿನಲ್ಲೇ ನಾನು ಆ ಫಿಕ್ಸಿಯನ್ನು ಹತ್ತಿದ್ದು. ಗೆಳೆಯನೊಬ್ಬ ಮೈಸೂರು ಬಿಡುವಾಗ ಕೊಟ್ಟು ಹೋದ ಸೈಕಲ್ಲು. ಗೇರಿಲ್ಲ, ಫ್ರೀವೀಲ್ ಇಲ್ಲ, ಬ್ರೇಕೂ ಇಲ್ಲ. ನಮ್ಮ ಬೀದಿಯ ತಿರುವು ಬಂತು. ಎಂದಿನಂತೆ ಕಾಲು ನಿಲ್ಲಿಸಿದೆ. ಪೆಡಲ್ ನಿಲ್ಲಲಿಲ್ಲ. ಕೆಳಗಿನಿಂದ ಯಾರೋ ಒದ್ದ ಹಾಗೆ ನನ್ನನ್ನು ಸೀಟಿನಿಂದೆತ್ತಿ ಪಕ್ಕದ ಮನೆಯ ದಾಸವಾಳದ ಗಿಡಕ್ಕೆ ಒಪ್ಪಿಸಿತು.

ಸಾಮಾನ್ಯ ಸೈಕಲ್ಲಿನಲ್ಲಿ ತುಳಿಯುವುದು ನಿಲ್ಲಿಸಿದರೆ ಹಿಂದಿನಿಂದ ಟಿಕ್‌ಟಿಕ್ ಸದ್ದು ಬರುತ್ತದಲ್ಲ, ಅದು ಫ್ರೀವೀಲ್. ಚಕ್ರ ತನ್ನ ಪಾಡಿಗೆ ತಾನು ಓಡಲಿ, ಕಾಲು ದಣಿವಾರಿಸಿಕೊಳ್ಳಲಿ ಎಂಬ ಏರ್ಪಾಡು. ಫಿಕ್ಸಿಯಲ್ಲಿ ಹಲ್ಲುಚಕ್ರ ನೇರವಾಗಿ ಹಬ್‌ಗೆ ಬಿಗಿದಿರುತ್ತದೆ. ಚಕ್ರ ತಿರುಗುವಷ್ಟು ಹೊತ್ತೂ ಪೆಡಲ್ ತಿರುಗಬೇಕು. ಮಕ್ಕಳ ಮೂರು ಗಾಲಿ ಸೈಕಲ್ಲಿನದೂ ಇದೇ ಕತೆ. ತಾತ ಹಿಂದಿನಿಂದ ಜೋರಾಗಿ ತಳ್ಳಿದರೆ ನಮ್ಮಣ್ಣನ ಮಗಳು ಎರಡೂ ಕಾಲನ್ನು ಮೇಲೆತ್ತಿ ಕೂರುತ್ತಾಳೆ. ಮೂರು ವರ್ಷದ ಅವಳಿಗೆ ಗೊತ್ತಿದ್ದದ್ದು ನನಗೆ ಮರೆತಿತ್ತು.

ಮೊಣಕೈಗೆ ಅರಿಶಿನ ಮೆತ್ತಿಕೊಂಡು ಸೈಕಲ್ ಶಾಪಿಗೆ ಹೋದೆ. ವಯಸ್ಸಾದ ಮೆಕ್ಯಾನಿಕ್ಕು ಸುತ್ತ ಒಮ್ಮೆ ನೋಡಿ, ‘ಮೊದ್ಲು ಬ್ರೇಕ್ ಹಾಕುಸ್ಕಳಿ ಸಾ, ಷೋಕಿ ಆಮೇಲೆ’ ಅಂದರು. ಹಿಂದಿನ ಹಲ್ಲುಚಕ್ರದ ಮೇಲಿನ ಲಾಕ್‌ರಿಂಗ್ ಸಡಿಲವಾಗಿದ್ದದ್ದನ್ನೂ ಅವರೇ ತೋರಿಸಿದರು. ಆ ರಿಂಗಿಗೆ ಉಲ್ಟಾ ಥ್ರೆಡ್. ನಿಲ್ಲಿಸಲೆಂದು ಪೆಡಲನ್ನು ಹಿಂದಕ್ಕೆ ಒತ್ತಿದಾಗ ಹಲ್ಲುಚಕ್ರ ಬಿಚ್ಚಿಕೊಳ್ಳಲು ನೋಡುತ್ತದೆ, ಅದನ್ನು ತಡೆಯುವುದು ಈ ರಿಂಗೇ. ಅದು ಸಡಿಲವಿದ್ದರೆ, ಬೇಕಾದ ಗಳಿಗೆಯಲ್ಲೇ ಕಾಲಿನ ಹಿಡಿತ ಕೈಕೊಡುತ್ತದೆ.

ಮುಂದಿನ ಚಕ್ರಕ್ಕೆ ಬ್ರೇಕ್ ಹಾಕಿಸಿದೆ, ಆದರೂ ಮನಸ್ಸಿನಲ್ಲಿ ಸಣ್ಣ ಅವಮಾನ. ಅಂತರ್ಜಾಲದ ವಿಡಿಯೊಗಳಲ್ಲಿ ಬ್ರೇಕಿಲ್ಲದೆ ಹಾರುವ ಹುಡುಗರನ್ನು ನೋಡಿದ್ದೆನಲ್ಲ! ಮನೆಗಳಿನ್ನೂ ಏಳದ ಒಂದು ಹೊಸ ಬಡಾವಣೆಗೆ ಹೋಗಿ, ರಸ್ತೆಗೆ ಸೀಮೆಸುಣ್ಣದ ಗೆರೆ ಎಳೆದು, ಗಂಟೆಗೆ 20 ಕಿ.ಮೀ. ವೇಗದಲ್ಲಿ ಬಂದು ನಿಲ್ಲಿಸಿ ನೋಡಿದೆ. ಬರೀ ಕಾಲಿನಿಂದ ನಿಂತಾಗ ಗೆರೆಯಿಂದಾಚೆ 14 ಹೆಜ್ಜೆ. ಬ್ರೇಕ್ ಹಿಡಿದಾಗ 5. ನಿಲ್ಲಿಸುವಾಗ ಮೈಭಾರವೆಲ್ಲ ಮುಂದಕ್ಕೆ ವಾಲುತ್ತದೆ, ಹಿಂದಿನ ಚಕ್ರ ಹಗುರಾಗಿ ಜಾರುತ್ತದೆ. ಕಾಲು ಎಷ್ಟೇ ಗಟ್ಟಿಯಿದ್ದರೂ ಜಾರುವ ಟೈರಿನ ಮುಂದೆ ಅದರ ಆಟ ನಡೆಯುವುದಿಲ್ಲ. ವೆಲೊಡ್ರೋಮಿನ, ಅಂದರೆ ಸೈಕಲ್ ರೇಸಿನ ಟ್ರ್ಯಾಕಿನ, ಸೈಕಲ್ಲುಗಳಿಗೆ ಬ್ರೇಕ್ ಇರುವುದಿಲ್ಲ, ನಿಜ. ಅಲ್ಲಿ ಎಲ್ಲರೂ ಒಂದೇ ದಿಕ್ಕಿಗೆ ಓಡುತ್ತಾರೆ, ಯಾರೂ ತಟ್ಟನೆ ನಿಲ್ಲುವುದಿಲ್ಲ, ಎದುರಿಗೆ ಹಸು ಬರುವುದಿಲ್ಲ. ಬ್ರಿಟನ್ನಿನ ಕಾನೂನು ಕೂಡ ಫಿಕ್ಸಿಯ ಕಾಲನ್ನು ಒಂದು ಬ್ರೇಕೆಂದು ಒಪ್ಪಿಕೊಂಡರೂ ರಸ್ತೆಗಿಳಿಯಲು ಮುಂದಿನ ಬ್ರೇಕ್ ಇರಲೇಬೇಕು ಎನ್ನುತ್ತದೆ.

ಅದೇ ಬಡಾವಣೆಯಲ್ಲಿ ಎರಡು ವಾರ ಸುತ್ತಿದೆ. ಹೊಸದನ್ನು ಕಲಿಯುವ ಕಷ್ಟ ಅಷ್ಟೇನಿರಲಿಲ್ಲ. ಹಳೆಯದನ್ನು ಕಾಲು ಮರೆಯಬೇಕಿತ್ತಲ್ಲ, ಅದು ಕಷ್ಟ. ತಲೆಗೆ ಎಲ್ಲ ತಿಳಿದಿತ್ತು. ಆದರೆ ನಾಯಿ ಅಡ್ಡ ಬಂದರೆ ಕಾಲು ತಲೆಯನ್ನು ಕೇಳುವುದಿಲ್ಲ, ಎಂದೋ ಕಲಿತಂತೆ ಸ್ತಬ್ಧವಾಗುತ್ತದೆ. ಆಗ ಮತ್ತದೇ ಒದೆತ. ತುಳಿಯುವುದನ್ನು ನಿಲ್ಲಿಸದೆ ನಿಧಾನ ಮಾಡಬೇಕು. ಹಿಂದಿನಿಂದ ಮೇಲೇರಿ ಬರುವ ಪೆಡಲಿನ ಮೇಲೆ ಸ್ವಲ್ಪ ಸ್ವಲ್ಪವೇ ಭಾರ ಹಾಕಬೇಕು. ಪಾದ ಜಾರದಂತೆ ಪಟ್ಟಿಯೂ ಬೇಕು. ಓಟದಲ್ಲಿ ಪಾದ ತಪ್ಪಿದರೆ ಆ ಪೆಡಲ್ ಮೊಣಕಾಲ ಕೆಳಗಿನ ಮೂಳೆಗೆ ಬಂದು ಬಡಿಯುವ ರೀತಿ ನನಗೆ ಗೊತ್ತು.

ತಿಂಗಳೆರಡಾಗುವಷ್ಟರಲ್ಲಿ ಹಿಂದಿನ ಚಕ್ರವನ್ನು ಕಾಲಿನಿಂದಲೇ ಬಿಗಿಹಿಡಿದು ಜರ್ರನೆ ಜಾರಿಸುವ ಸ್ಕಿಡ್ ಕೈಗೂಡಿತು. ಕಾಲ್ಗೂಡಿತು ಅನ್ನಬೇಕೇನೋ. ಖುಷಿಗೆ ಸಿಕ್ಕಲ್ಲೆಲ್ಲ ಜಾರಿಸಿದೆ. ಒಂದು ಬೆಳಿಗ್ಗೆ ಟೈರ್ ಢಬ್ಬೆಂದಿತು. ನೋಡಿದರೆ ಟೈರಿನ ಉಳಿದ ಭಾಗವೆಲ್ಲ ಹೊಸತು, ಒಂದೇ ಒಂದು ಕಡೆ ನೂಲು ಕಾಣುವಷ್ಟು ಸವೆದಿದೆ. ಕಾರಣ ಲೆಕ್ಕದಲ್ಲಿತ್ತು. ಮುಂದೆ 48 ಹಲ್ಲು, ಹಿಂದೆ 16. ಪೆಡಲ್ ಒಂದು ಸುತ್ತಿಗೆ ಚಕ್ರ ಸರಿಯಾಗಿ ಮೂರು ಸುತ್ತು. ನಾನು ಯಾವಾಗಲೂ ಎಡಗಾಲನ್ನೇ ಮುಂದಿಟ್ಟು ಜಾರಿಸುತ್ತಿದ್ದರಿಂದ ಪ್ರತಿ ಸಲವೂ ಟೈರಿನ ಅದೇ ಜಾಗ ನೆಲಕ್ಕೆ ಉಜ್ಜುತ್ತಿತ್ತು. ಮೆಕ್ಯಾನಿಕ್ಕು ಹಿಂದೆ 17 ಹಲ್ಲಿನದನ್ನು ಹಾಕಿದರು. 48ಕ್ಕೂ 17ಕ್ಕೂ ಒಂದನ್ನು ಬಿಟ್ಟರೆ ಬೇರೆ ಸಾಮಾನ್ಯ ಅಪವರ್ತನ ಇಲ್ಲವಾದ್ದರಿಂದ ಸವೆತ ಈಗ 17 ಜಾಗಕ್ಕೆ ಹಂಚಿಹೋಗುತ್ತದೆ. ಒಂದು ಹಲ್ಲಿನ ವ್ಯತ್ಯಾಸ, ಅಷ್ಟೇ! ಮ.ಸಾ.ಅ., ಲ.ಸಾ.ಅ. ಎಂದು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ಗಣಿತದ ಮೇಷ್ಟ್ರು ನೆನಪಾದರು.

ಉಳಿದ ಪಾಠಗಳೆಲ್ಲ ಸಣ್ಣವು, ಏಟು ಮಾತ್ರ ಸಣ್ಣದಲ್ಲ. ತಿರುವಿನಲ್ಲಿ ಸೈಕಲ್ಲನ್ನು ಜಾಸ್ತಿ ವಾಲಿಸಿದರೆ ಒಳಗಡೆಯ ಪೆಡಲ್ ನೆಲಕ್ಕೆ ತಗಲುತ್ತದೆ, ಅದನ್ನು ಮೇಲೆ ನಿಲ್ಲಿಸಿಕೊಳ್ಳುವ ಅವಕಾಶವಿಲ್ಲ. ಹಂಪ್ಸ್ ಮೇಲೂ ತುಳಿಯುತ್ತಲೇ ಹೋಗಬೇಕು. ಬಿಚ್ಚಿದ ಷೂ ಲೇಸು ಪೆಡಲಿಗೆ ಸುತ್ತಿಕೊಂಡರೆ, ಅದು ಸುತ್ತುತ್ತಲೇ ಇರುತ್ತದೆ. ಚೈನ್ ಒರೆಸುವಾಗ ಮಾತ್ರ ತಮಾಷೆ ಬೇಡ: ಒಮ್ಮೆ ತಿರುಗಿದ ಚಕ್ರ ತನ್ನ ಜೋರಿನಲ್ಲಿ ಚೈನನ್ನೂ ಎಳೆಯುತ್ತದೆ, ಬಟ್ಟೆಯ ಜೊತೆ ಬೆರಳೂ ಹಲ್ಲಿಗೆ ಹೋಗುತ್ತದೆ. ಚಕ್ರ ನಿಲ್ಲಿಸಿ, ಚೈನನ್ನು ಗೇಣು ಗೇಣಾಗಿ ಒರೆಸುತ್ತೇನೆ.

ಚಾಮುಂಡಿ ಬೆಟ್ಟವನ್ನು ಫಿಕ್ಸಿಯಲ್ಲಿ ಒಮ್ಮೆ ಹತ್ತಿದೆ. ಹತ್ತುವುದು ಕಷ್ಟ, ಆದರೆ ನ್ಯಾಯವಾದ ಕಷ್ಟ. ಇಳಿಯುವಾಗ ಗಂಟೆಗೆ 40 ಕಿ.ಮೀ. ಮುಟ್ಟಿತು, ಅಂದರೆ ಪೆಡಲ್ ನಿಮಿಷಕ್ಕೆ ಸುಮಾರು 112 ಸುತ್ತು. ನಾನು ಪೆಡಲ್ ತುಳಿಯುತ್ತಿರಲಿಲ್ಲ, ಪೆಡಲೇ ನನ್ನನ್ನು ತುಳಿಯುತ್ತಿತ್ತು. ಬ್ರೇಕ್ ಹಿಡಿದು ಹಿಡಿದು ಬೆರಳು ಮರಗಟ್ಟಿತು. ನಂದಿಯ ಕಡೆಗೆ ತಿರುಗುವಲ್ಲಿ ಇಳಿದು, ಮುಂದಿನ ದಾರಿಯನ್ನು ಸೈಕಲ್ ತಳ್ಳಿಕೊಂಡೇ ಮುಗಿಸಿದೆ. ಬೆಳಗಿನ ವಾಕಿಂಗಿನವರೊಬ್ಬರು ‘ಪಂಚರ್ರಾ?’ ಎಂದು ಕೇಳಿದರು. ಹೂಂ ಅಂದೆ.

ಈಗಲೂ ಬೆಟ್ಟಕ್ಕೆ ಹಳೆಯ ಗೇರ್ ಸೈಕಲ್ಲೇ. ಊರೊಳಗೆ ಮಾತ್ರ ಇದು. ಹೋದ ವಾರ ಸಿಗ್ನಲ್ಲಿನಲ್ಲಿ ಕಾಲೂರದೆ, ಪೆಡಲನ್ನು ಹಿಂದೆ ಮುಂದೆ ಆಡಿಸುತ್ತ ನಿಂತಲ್ಲೇ ನಿಲ್ಲುವ ಕಸರತ್ತು ಮಾಡುತ್ತಿದ್ದೆ. ಬಸ್ ಸ್ಟಾಪಿನ ನಾಲ್ಕು ಜನ ನೋಡುತ್ತಿದ್ದರು, ಅದೇ ತಪ್ಪಾಯಿತು. ಪಟ್ಟಿಯೊಳಗೆ ಸಿಕ್ಕಿದ್ದ ಕಾಲು ಹೊರಗೆ ಬರುವ ಮೊದಲೇ ಸೈಕಲ್ ಸಮೇತ ಮಗ್ಗುಲಾಗಿ ಬಿದ್ದೆ. ಹೂವಿನ ಬುಟ್ಟಿಯ ಮುಂದೆ ಕೂತಿದ್ದ ಅಜ್ಜಿ ಕೈ ಕೊಟ್ಟು ಎಬ್ಬಿಸುತ್ತಾ ಅಂದಳು: ‘ಕಾಲೂರಕ್ಕೆ ಏನ್ ರೋಗ ಮಗಾ ನಿಂಗೆ?’