ಮನೆ ಮುಂದಿನ ಬಣ್ಣದ ದೀಪ ಯಾರಿಗಾಗಿ?


*ಇಂದಿನ ಧಮ್ಮ ಚಿಂತನೆ*



ವೈಶಾಖ ಪೂರ್ಣಿಮೆ ಕಳೆದ ಮೇಲಿನ ಭಾನುವಾರ ಸೋಲೂರಿನಲ್ಲಿ ನಮ್ಮ ಅಧ್ಯಯನ ಬಳಗ ಸೇರಿದ್ದಾಗ ಒಬ್ಬ ಸೋದರಿ ತಮ್ಮ ಮನಸ್ಸಿನಲ್ಲಿದ್ದ ಮಾತನ್ನು ಹೇಳಿಕೊಂಡರು. ಅವರದು ಬಾಡಿಗೆ ಮನೆ. ಪೂರ್ಣಿಮೆಯ ಸಂಜೆ ಮಕ್ಕಳ ಆಸೆಗೆ ಬಾಗಿಲ ಮೇಲೆ ನೀಲಿ, ಹಳದಿ, ಕೆಂಪು, ಬಿಳಿ, ಕಿತ್ತಳೆ ಬಣ್ಣದ ಸೀರಿಯಲ್ ಸೆಟ್ ಹಾಕಿದ್ದರು. ಮನೆ ಓನರ್ ಅಮ್ಮ ಹೊರಗೆ ಬಂದು, "ಏನಮ್ಮ, ಇವತ್ತು ಯಾವ ಹಬ್ಬ?" ಎಂದು ಕೇಳಿದರು. ಇವರು ಗಾಬರಿಯಲ್ಲಿ, "ಹಬ್ಬ ಅಲ್ಲ ಅಮ್ಮ, ಬರ್ತ್‌ಡೇ" ಎಂದುಬಿಟ್ಟರು. ಒಳಗೆ ಬಂದರೆ ಮಗಳ ಪ್ರಶ್ನೆ: "ಬುದ್ಧರ ಬರ್ತ್‌ಡೇ ಅಂತ ಯಾಕಮ್ಮ ಹೇಳಲಿಲ್ಲ?"

"ಆ ರಾತ್ರಿ ನಿದ್ದೆ ಬರಲಿಲ್ಲ. ನಾನು ದೀಪ ಹಾಕಿದ್ದು ತಪ್ಪಾ, ಮುಚ್ಚಿಟ್ಟಿದ್ದು ತಪ್ಪಾ?" ಎಂದು ಆ ಸೋದರಿ ಕೇಳಿದರು. ಇಂದು ಈ ಪ್ರಶ್ನೆಯನ್ನೇ ಯೋಚಿಸೋಣ.

*1. ಬೀದಿಗೆ ದೀಪದ ಭಾಷೆ ಗೊತ್ತು*

ದೀಪಾವಳಿಗೆ ಆಕಾಶಬುಟ್ಟಿ, ಕ್ರಿಸ್‌ಮಸ್‌ಗೆ ನಕ್ಷತ್ರ, ಈದ್ ಮಿಲಾದ್‌ಗೆ ಹಸಿರು ದೀಪ, ರಾಜ್ಯೋತ್ಸವಕ್ಕೆ ಹಳದಿ-ಕೆಂಪು, ಏಪ್ರಿಲ್ 14ಕ್ಕೆ ನೀಲಿ. ಮದುವೆ ಮನೆಯನ್ನು ದೂರದಿಂದಲೇ ಗುರುತಿಸುತ್ತೇವೆ. ಮನೆಯೊಳಗಿನ ದೀಪ ಮನೆಯವರಿಗೆ. ಹೊರಗೆ ತೂಗುಹಾಕಿದ ದೀಪ ದಾರಿಯಲ್ಲಿ ಹೋಗುವವರಿಗೆ. "ಈ ಮನೆಯಲ್ಲಿ ಇಂಥವರು ಇದ್ದೇವೆ, ಇವತ್ತು ನಮಗೆ ಸಂತೋಷದ ದಿನ" ಎಂದು ಅದು ಹೇಳುತ್ತದೆ. ಬಹಳ ಜನರಿಗೆ ಹೀಗೆ ಹೇಳಲು ಧೈರ್ಯವೇ ಬೇಕಿಲ್ಲ. ನಮಗೆ ಬೇಕಾಗುತ್ತದೆ.

ಬಳಗದ ಹಿರಿಯರೊಬ್ಬರು ನೆನಪು ಮಾಡಿಕೊಂಡರು: "ನಾನು ಹುಟ್ಟಿದ ಊರಲ್ಲಿ ಲೈಟು ಕಂಬ ಊರೊಳಗೇ ನಿಂತುಬಿಟ್ಟಿತ್ತು. ನಮ್ಮ ಕೇರಿಗೆ ಬರೋಕೆ ಎಷ್ಟೋ ವರ್ಷ ಬೇಕಾಯ್ತು. ಆಮೇಲೆ ಭಾಗ್ಯಜ್ಯೋತಿಯ ಒಂದೇ ಬಲ್ಬು. ಅದರ ಕೆಳಗೇ ಅಡುಗೆ, ಅದರ ಕೆಳಗೇ ಮಕ್ಕಳ ಓದು." ಶಿವನಸಮುದ್ರದ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿಗಳಿಗೆ 1905ರಲ್ಲೇ ದೀಪ ಬಂದಿತ್ತು. ಅದೇ ಬೆಳಕು ಕೇರಿಗೆ ತಡವಾಗಿ ಬಂತು. ಹಾಗಾಗಿ ನಮ್ಮ ಬಾಗಿಲಿನ ದೀಪವನ್ನು ಬರೀ ಅಲಂಕಾರ ಎಂದುಕೊಳ್ಳಬೇಡಿ.

*2. ಈ ಐದು ಬಣ್ಣ ಎಲ್ಲಿಂದ ಬಂದವು?*

ಇವು ಬೌದ್ಧ ಧ್ವಜದ ಬಣ್ಣಗಳು. ಶ್ರೀಲಂಕಾ ಬ್ರಿಟಿಷರ ಕೈಯಲ್ಲಿದ್ದಾಗ ಅಲ್ಲಿನ ಬೌದ್ಧರು ಹೋರಾಡಿ ವೈಶಾಖ ಪೂರ್ಣಿಮೆಗೆ ಸರ್ಕಾರಿ ರಜೆ ಪಡೆದರು. ಆ ವರ್ಷವೇ, 1885ರ ಏಪ್ರಿಲ್ 28ರಂದು, ಕೊಲಂಬೊದಲ್ಲಿ ಈ ಧ್ವಜವನ್ನು ಮೊದಲ ಬಾರಿ ಹಾರಿಸಿದರು. ಆಳುವವರ ಎದುರು "ನಾವು ಬೌದ್ಧರು" ಎಂದು ಬಹಿರಂಗವಾಗಿ ಹೇಳಿದ ಬಣ್ಣಗಳಿವು. 1950ರಲ್ಲಿ ಅದೇ ನಾಡಿನ ಕ್ಯಾಂಡಿಯಲ್ಲಿ ವಿಶ್ವ ಬೌದ್ಧ ಸಮ್ಮೇಳನ ನಡೆದಾಗ ಬಾಬಾಸಾಹೇಬರೂ ಅಲ್ಲಿಗೆ ಹೋಗಿದ್ದರು. ಮುಂದೆ ಇದು ಲೋಕದ ಬೌದ್ಧರೆಲ್ಲರ ಧ್ವಜವಾಯಿತು.

🔵 ನೀಲಿ – ಮೈತ್ರಿ, ಕರುಣೆ
🟡 ಹಳದಿ – ಮಧ್ಯಮ ಮಾರ್ಗ
🔴 ಕೆಂಪು – ಸಾಧನೆಯ ಫಲ
⚪ ಬಿಳಿ – ಧಮ್ಮದ ಶುದ್ಧಿ, ಬಿಡುಗಡೆ
🟠 ಕಿತ್ತಳೆ – ಪ್ರಜ್ಞೆ

ಧ್ವಜದ ಆರನೇ ಪಟ್ಟಿಯಲ್ಲಿ ಹೊಸ ಬಣ್ಣವಿಲ್ಲ. ಐದೂ ಸೇರಿದ್ದೇ ಆರನೆಯದು, ಅದರ ಹೆಸರು ಪ್ರಭಾಸ್ವರ. ಪಟ್ಟಿಗಳ ಅಗಲ ಒಂದೇ. ಒಂದು ದೊಡ್ಡದು, ಇನ್ನೊಂದು ಚಿಕ್ಕದು ಎಂಬುದಿಲ್ಲ. ಇವು ಬುದ್ಧರ ದೇಹದಿಂದ ಹೊಮ್ಮಿದ ಕಿರಣಗಳು ಎಂದು ಸಂಪ್ರದಾಯ ಹೇಳುತ್ತದೆ. ಪವಾಡವೆಂದು ನಂಬಬೇಕಾಗಿಲ್ಲ. ನಾವು ಬೆಳೆಸಿಕೊಳ್ಳಬೇಕಾದ ಗುಣಗಳ ಗುರುತು ಎಂದು ತಿಳಿದರೆ ಸಾಕು.

ಶ್ರೀಲಂಕಾದಲ್ಲಿ ವೈಶಾಖದ ರಾತ್ರಿ ಮನೆಮನೆಗೂ ಬಣ್ಣದ ಕಾಗದದ ಗೂಡುದೀಪ ಕಟ್ಟುತ್ತಾರೆ. ಜೊತೆಗೇ ಬೀದಿಯಲ್ಲಿ 'ದನ್ಸಲ' ಇಡುತ್ತಾರೆ. ಜಾತಿ-ಧರ್ಮ ಕೇಳದೆ ದಾರಿಹೋಕರಿಗೆ ಊಟ, ಪಾನಕ ಕೊಡುವ ಚಪ್ಪರ ಅದು. ದೀಪ ನೋಡಿ ಬಂದವರು ಹಸಿದು ಹೋಗಬಾರದು.

*3. ದೀಪವೂ ಹೌದು, ದ್ವೀಪವೂ ಹೌದು*

ಮಹಾಪರಿನಿಬ್ಬಾಣ ಸುತ್ತದಲ್ಲಿ ಒಂದು ಪ್ರಸಂಗವಿದೆ. ಬುದ್ಧರು ಕೊನೆಯ ಮಳೆಗಾಲವನ್ನು ವೈಶಾಲಿ ಹತ್ತಿರದ ಬೇಲುವ ಎಂಬ ಹಳ್ಳಿಯಲ್ಲಿ ಕಳೆದರು. ಅಲ್ಲಿ ಅವರಿಗೆ ಕಾಯಿಲೆ ಜೋರಾಗಿ, ಆನಂದ ಕಂಗಾಲಾದ. ಚೇತರಿಸಿಕೊಂಡ ಮೇಲೆ ಬುದ್ಧರು ಅವನಿಗೆ 'ಅತ್ತದೀಪ'ರಾಗಿ ಬಾಳಲು ಬೋಧಿಸಿದರು. ಬೇರೆಯವರ ಆಸರೆಗೆ ಕಾಯದೆ ತಮ್ಮನ್ನೂ ಧಮ್ಮವನ್ನೂ ನೆಚ್ಚಿಕೊಳ್ಳಲು ಹೇಳಿದರು. ಪಾಲಿಯಲ್ಲಿ 'ದೀಪ' ಎಂದರೆ ಬೆಳಕೂ ಹೌದು, ದ್ವೀಪವೂ ಹೌದು. ಪ್ರವಾಹ ಬಂದಾಗ ಮೊದಲು ಕಾಲೂರಲು ಒಣನೆಲ ಬೇಕು. ಬಾಡಿಗೆ ಮನೆಯಲ್ಲಿ, ಮಕ್ಕಳ ಸ್ಕೂಲಿನ ಮಧ್ಯೆ, ಮನೆ ಖಾಲಿ ಮಾಡಿಸಿಬಿಟ್ಟರೆ ಎಂಬ ಭಯದಲ್ಲಿರುವ ಸೋದರಿಗೆ "ಧೈರ್ಯ ಇಲ್ಲ" ಎಂದು ದೂರುವುದು ಸುಲಭ. ಅವರಿಗೆ ಮೊದಲು ಬೇಕಾದದ್ದು ನಿಲ್ಲಲು ನೆಲ.

*4. ಹಾಗಾದರೆ ಆ ಮಾತು?*

ಪಂಚಶೀಲದ ನಾಲ್ಕನೆಯದು ಸುಳ್ಳಾಡದಿರುವುದು. ನಾಗಪುರದಲ್ಲಿ 1956ರ ಅಕ್ಟೋಬರ್ 14ರಂದು ಬಾಬಾಸಾಹೇಬರು ಬೋಧಿಸಿದ 22 ಪ್ರತಿಜ್ಞೆಗಳಲ್ಲೂ ಇದು ಇದೆ. "ಬರ್ತ್‌ಡೇ" ಎಂಬ ಮಾತು ಅಕ್ಷರಶಃ ಸುಳ್ಳಲ್ಲ. ಆದರೆ ಓನರ್ ಅಮ್ಮ ತಪ್ಪು ತಿಳಿಯಲಿ ಎಂದೇ ಹೇಳಿದ್ದು. ಮನಸ್ಸು ಚುಚ್ಚಿದ್ದು ಅದಕ್ಕೇ. ಆ ಚುಚ್ಚುವಿಕೆ ಒಳ್ಳೆಯದೇ, ಶೀಲ ಜೀವಂತವಾಗಿದೆ ಎಂದರ್ಥ. ಅಭಯರಾಜಕುಮಾರ ಸುತ್ತದಲ್ಲಿ ಬುದ್ಧರು ಮಾತಿಗೆ ಮೂರು ಅಳತೆ ಕೊಡುತ್ತಾರೆ: ಅದು ನಿಜವೇ, ಹಿತವೇ, ಹೇಳಲು ಇದು ಸಮಯವೇ? ಸಮಯವಲ್ಲದಿದ್ದರೆ ಸುಮ್ಮನಿರಬಹುದು. "ಇವತ್ತು ಹುಣ್ಣಿಮೆ ಅಮ್ಮ, ನಮಗೆ ಒಳ್ಳೆ ದಿನ" ಎಂದರೂ ಸಾಕಿತ್ತು. ಅದು ನಿಜವೂ ಹೌದು, ಅದರಲ್ಲಿ ಮೋಸವೂ ಇಲ್ಲ.

ಇನ್ನೊಂದು ಮಾತು. ಕಂಬದ ವೈರಿಗೆ ಕೊಕ್ಕೆ ಹಾಕಿ ಕದ್ದ ಕರೆಂಟಿನಲ್ಲಿ ಬೀದಿಯೆಲ್ಲ ಬೆಳಗಿದರೆ ಎರಡನೇ ಶೀಲ ಮುರಿಯುತ್ತದೆ, ಜೀವಕ್ಕೂ ಅಪಾಯ. ಅದಕ್ಕಿಂತ ನಮ್ಮ ಮೀಟರಿನ ಒಂದೇ ಬಲ್ಬು ಮೇಲು.

*ಇಂದಿನ ಅಭ್ಯಾಸ*
☸️ ಐದು ಬಣ್ಣಗಳ ಅರ್ಥವನ್ನು ಮನೆಯ ಮಕ್ಕಳಿಗೆ ಹೇಳಿಕೊಡಿ. ಅವರು ಬೀದಿಯಲ್ಲಿ ಉತ್ತರ ಕೊಡಬಲ್ಲವರಾಗಲಿ.
☸️ ಯಾರಾದರೂ ಕೇಳಿದರೆ ಹೇಳಲು ಒಂದು ನಿಜವಾದ, ಮೃದುವಾದ ಮಾತನ್ನು ಈಗಲೇ ಯೋಚಿಸಿಟ್ಟುಕೊಳ್ಳಿ.
☸️ ನಿಮ್ಮ ಬಳಗದಲ್ಲಿ ಭಯದಿಂದ ದೀಪ ಹಾಕದವರು ಯಾರಿದ್ದಾರೆ? ಅವರನ್ನು ಟೀಕಿಸಬೇಡಿ, ಮನೆಗೆ ಹೋಗಿ ಮಾತನಾಡಿಸಿ.

ಕೊನೆಯಲ್ಲಿ ಆ ಸೋದರಿ ಹೇಳಿದರು: "ಅಕ್ಟೋಬರ್ 14ಕ್ಕೆ ಮತ್ತೆ ಹಾಕ್ತೀನಿ. ಕೇಳಿದ್ರೆ ಒಂದು ಲೋಟ ಪಾಯಸ ಕೊಟ್ಟು, ಇದ್ದದ್ದನ್ನು ಹೇಳ್ತೀನಿ." ಬಳಗವೂ ಒಂದು ಮಾತು ಕೊಟ್ಟಿತು. ಅದರಿಂದ ಅವರು ಮನೆ ಬಿಡಬೇಕಾಗಿ ಬಂದರೆ, ಬೇರೆ ಮನೆ ಹುಡುಕುವುದೂ ಸಾಮಾನು ಸಾಗಿಸುವುದೂ ನಮ್ಮೆಲ್ಲರ ಕೆಲಸ. ಸಂಘಕ್ಕೆ ಶರಣು ಹೋಗುತ್ತೇವೆ ಎಂದು ದಿನವೂ ಹೇಳುವ ನಾವು ಅಷ್ಟನ್ನಾದರೂ ಮಾಡಬೇಕು.

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್ 🙏💙
_(ಓದಿ, ಮನೆಯವರೊಂದಿಗೆ ಚರ್ಚಿಸಿ, ಬಂಧುಗಳಿಗೆ ಕಳುಹಿಸಿ)_